‘ಸೆಂಪರ್ ಫೈ’: ಒಂದು ಸಾಕ್ಷ್ಯಚಿತ್ರ, ಕೆಲವು ಕಡತಗಳು

ಕಳೆದ ತಿಂಗಳ ಎರಡನೆಯ ಭಾನುವಾರ ಸಂಜೆ ನಮ್ಮ ಸಂಘದ ಸಭಾಗೃಹದಲ್ಲಿ ಒಂದು ಅಮೆರಿಕನ್ ಸಾಕ್ಷ್ಯಚಿತ್ರದ ಪ್ರದರ್ಶನ ಏರ್ಪಾಡಾಗಿತ್ತು. ಬಂದವರು ಇಪ್ಪತ್ತೆಂಟು ಮಂದಿ. (ತಲೆ ಎಣಿಸುವ ದುರಭ್ಯಾಸ ನನಗೆ ಕಚೇರಿಯಿಂದ ಅಂಟಿದ್ದು.) ನಾಟಕವಿದ್ದರೆ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಲ್ಲುವ ನಮ್ಮ ಜನ ‘ಸಾಕ್ಷ್ಯಚಿತ್ರ’ ಎಂಬ ಮಾತು ಕೇಳಿದೊಡನೆ ಮನೆಯಲ್ಲೇ ಉಳಿದುಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಾಲದವರಿಗೆ ಸಾಕ್ಷ್ಯಚಿತ್ರವೆಂದರೆ ಅಣೆಕಟ್ಟಿನ ಉದ್ಘಾಟನೆ, ಗಂಭೀರ ಕಂಠದ ನಿರೂಪಣೆ ಮತ್ತು ನಿದ್ದೆ. ಆದರೆ ಆ ಸಂಜೆ ಬಾರದವರು ಒಂದು ಒಳ್ಳೆಯ ಚಿತ್ರವನ್ನು ಕಳೆದುಕೊಂಡರೆಂದು ನನಗೆ ಅನ್ನಿಸಿದ್ದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಅದು ನಿರ್ದೋಷವಾದ ಚಿತ್ರವೆಂದು ನಾನು ಹೇಳುವುದಿಲ್ಲ. ಅದರ ಮೇಲೆ ನನಗೆ ಒಂದೆರಡು ತಕರಾರುಗಳಿವೆ, ಅವನ್ನೂ ಬರೆಯುತ್ತೇನೆ.

ಚಿತ್ರದ ಹೆಸರು ‘ಸೆಂಪರ್ ಫೈ: ಆಲ್ವೇಸ್ ಫೇತ್‌ಫುಲ್’. ನಿರ್ದೇಶಕರು ರೇಚಲ್ ಲಿಬರ್ಟ್ ಮತ್ತು ಟೋನಿ ಹಾರ್ಡ್‌ಮನ್. 2011ರಲ್ಲಿ ನ್ಯೂಯಾರ್ಕಿನ ಟ್ರೈಬೆಕಾ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ‘ಸೆಂಪರ್ ಫೈ’ ಎಂಬುದು ಲ್ಯಾಟಿನ್ ಮಾತಿನ ಮೊಟಕು. ‘ಎಂದೆಂದಿಗೂ ನಿಷ್ಠ’ ಎಂದು ಅರ್ಥ. ಅಮೆರಿಕದ ಮರೀನ್ ದಳದವರ ಧ್ಯೇಯವಾಕ್ಯವಿದು. ಒಬ್ಬ ಮರೀನ್ ಇನ್ನೊಬ್ಬನನ್ನು ಕಂಡಾಗ ನಮಸ್ಕಾರಕ್ಕೆ ಬದಲು ಹೇಳುವುದೂ ಇದನ್ನೇ. ಚಿತ್ರ ನೋಡಿದ ಮೇಲೆ ಈ ಎರಡು ಪದಗಳನ್ನು ಮೊದಲಿನಂತೆ ಓದುವುದು ಕಷ್ಟ. ಯಾರು ಯಾರಿಗೆ ನಿಷ್ಠರು ಎಂಬ ಪ್ರಶ್ನೆಯನ್ನು ನಿರ್ದೇಶಕರು ಹೆಸರಿನಲ್ಲೇ ಇಟ್ಟಿದ್ದಾರೆ.

ಕಥಾನಾಯಕ ಜೆರ್ರಿ ಎನ್ಸ್‌ಮಿಂಗರ್. ಇಪ್ಪತ್ತನಾಲ್ಕು ವರ್ಷ ಮರೀನ್ ದಳದಲ್ಲಿ ದುಡಿದು ಮಾಸ್ಟರ್ ಸಾರ್ಜೆಂಟ್ ಆಗಿ 1994ರಲ್ಲಿ ನಿವೃತ್ತರಾದವರು. ಹೊಸದಾಗಿ ಸೇರಿದ ಹುಡುಗರನ್ನು ಕವಾಯತು ಮಾಡಿಸಿ ಸೈನಿಕರನ್ನಾಗಿ ತಿದ್ದುವ ಕೆಲಸವನ್ನೂ ಮಾಡಿದವರು. ಅಂದರೆ ಆ ‘ನಿಷ್ಠೆ’ಯ ಪಾಠವನ್ನು ಇತರರಿಗೆ ಬೋಧಿಸಿದವರೇ ಅವರು. ಅವರ ಮಗಳು ಜೇನಿಗೆ ಆರು ವರ್ಷವಾಗಿದ್ದಾಗ, 1983ರಲ್ಲಿ, ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. 1985ರ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡಳು. ಆಗ ಒಂಬತ್ತು ವರ್ಷ. ಎಲ್ಲ ತಂದೆತಾಯಿಗಳಂತೆ ಇವರೂ ‘ಏಕೆ?’ ಎಂದು ಕೇಳಿಕೊಂಡರು. ಎರಡೂ ಕಡೆಯ ಮನೆತನಗಳಲ್ಲಿ ಹುಡುಕಿದರು, ಏನೂ ಸಿಗಲಿಲ್ಲ. ಹನ್ನೆರಡು ವರ್ಷ ಕಳೆದು 1997ರಲ್ಲಿ ಒಂದು ಸಂಜೆ ಊಟದ ತಟ್ಟೆ ಹಿಡಿದು ಟಿ.ವಿ.ಯ ಸುದ್ದಿ ನೋಡಲು ಬಂದಾಗ, ನಾರ್ತ್ ಕೆರೊಲಿನಾದ ಕ್ಯಾಂಪ್ ಲೆಜೂನ್ ಎಂಬ ಸೇನಾನೆಲೆಯ ಕುಡಿಯುವ ನೀರಿನಲ್ಲಿ ವರ್ಷಗಟ್ಟಲೆ ವಿಷದ್ರವ್ಯಗಳು ಸೇರಿದ್ದುವೆಂದೂ ಮಕ್ಕಳ ರಕ್ತಕ್ಯಾನ್ಸರಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಪರಿಶೀಲಿಸಲಾಗುವುದೆಂದೂ ಸುದ್ದಿಗಾರ ಹೇಳುತ್ತಿದ್ದ. ತಟ್ಟೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು ಎಂದು ಎನ್ಸ್‌ಮಿಂಗರ್ ಅನೇಕ ಕಡೆ ಹೇಳಿಕೊಂಡಿದ್ದಾರೆ. ಅವರ ನಾಲ್ವರು ಹೆಣ್ಣುಮಕ್ಕಳಲ್ಲಿ ಆ ನೆಲೆಯಲ್ಲಿ ತಾಯಿಯ ಗರ್ಭದಲ್ಲಿದ್ದವಳು ಜೇನಿ ಒಬ್ಬಳೇ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಬೇಕಾಗಿದೆ. ಚಿತ್ರದ ಮೇಲಿನ ನನ್ನ ಮೊದಲ ತಕರಾರೂ ಇದೇ. ‘ವಿಷ’ ಎಂಬ ಪದವನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಆದರೆ ಅದು ನೀರಿಗೆ ಹೇಗೆ ಬಂತು, ಅಷ್ಟು ವರ್ಷ ಯಾರ ನಾಲಗೆಗೂ ಏಕೆ ತಗಲಲಿಲ್ಲ ಎಂಬುದನ್ನು ಬಿಡಿಸಿ ಹೇಳಿದ್ದು ನನಗೆ ಸಾಲದೆನಿಸಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಹನೀಯರು ಚಿತ್ರ ಮುಗಿಯುವ ತನಕ ಶತ್ರುಗಳು ಯಾರೋ ಬಾವಿಗೆ ವಿಷ ಹಾಕಿದ್ದಾರೆಂದೇ ತಿಳಿದಿದ್ದರು! ನನ್ನ ಬಿ.ಎಸ್‌ಸಿ. ಹಳೆಯದು, ಆದರೂ ಇಷ್ಟನ್ನು ಹೇಳಬಲ್ಲೆ.

ಕ್ಯಾಂಪ್ ಲೆಜೂನ್ ಒಂದು ಊರಿನಷ್ಟು ದೊಡ್ಡ ನೆಲೆ. ಅಲ್ಲಿಯವರು ಕುಡಿಯುವುದು ಕೊಳವೆ ಬಾವಿಗಳ ನೀರು. ಟ್ಯಾಂಕು, ಟ್ರಕ್ಕು, ಯಂತ್ರಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಬಳಸುತ್ತಿದ್ದರು. ಬಳಸಿ ಉಳಿದದ್ದನ್ನು ನೆಲದ ಮೇಲೆ ಚೆಲ್ಲುವುದು ಆ ಕಾಲದ ಪದ್ಧತಿ. ಇಂಧನ ತುಂಬಿದ ನೆಲದೊಳಗಿನ ಟ್ಯಾಂಕುಗಳು ತುಕ್ಕು ಹಿಡಿದು ಸೋರಿ ಲಕ್ಷಗಟ್ಟಲೆ ಗ್ಯಾಲನ್ ಮಣ್ಣಿಗಿಳಿದಿತ್ತು. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆಂದು ನಾವೆಲ್ಲ ಓದಿದ್ದೇವೆ. ನೆಲೆಯ ಹೊರಗೆ ರಸ್ತೆಯಾಚೆ ಬಟ್ಟೆಗಳನ್ನು ಡ್ರೈ ಕ್ಲೀನ್ ಮಾಡುವ ಒಂದು ಅಂಗಡಿಯಿತ್ತು. ಅಲ್ಲಿಂದ ಪರ್‌ಕ್ಲೋರೋಎಥಿಲೀನ್ ಇಳಿದು ಟರಾವಾ ಟೆರೇಸ್ ಎಂಬ ವಸತಿ ಬಡಾವಣೆಯ ಬಾವಿಗಳನ್ನು ಸೇರಿತು. ಈ ದ್ರಾವಕಗಳು ನೀರಿಗಿಂತ ಭಾರ. ಎಣ್ಣೆಯಂತೆ ಮೇಲೆ ತೇಲಿ ಕಣ್ಣಿಗೆ ಬೀಳುವುದಿಲ್ಲ. ಮಣ್ಣಿನ ಪದರಗಳನ್ನು ಹಾಯ್ದು ಕೆಳಗೆ ಇಳಿದು ಅಂತರ್ಜಲದ ತಳದಲ್ಲಿ ಕುಳಿತು ದಶಕಗಳ ಕಾಲ ಸ್ವಲ್ಪ ಸ್ವಲ್ಪವೇ ಕರಗುತ್ತಿರುತ್ತವೆ. ಬಣ್ಣವಿಲ್ಲ. ಅಷ್ಟು ಕಡಿಮೆ ಪ್ರಮಾಣದಲ್ಲಿ ರುಚಿ, ವಾಸನೆಗಳೂ ಗೊತ್ತಾಗುವುದಿಲ್ಲ. ಬೇಗ ಆವಿಯಾಗುವ ಗುಣವಿರುವುದರಿಂದ ಬಿಸಿನೀರಿನ ಸ್ನಾನ ಮಾಡುವವರ ಉಸಿರಿಗೂ ಸೇರುತ್ತವೆ. ಎಲ್ಲ ಬಾವಿಗಳ ನೀರೂ ಶುದ್ಧೀಕರಣ ಸ್ಥಾವರದಲ್ಲಿ ಬೆರೆಯುತ್ತಿತ್ತು. ಬಾವಿಗಳನ್ನು ಸರದಿಯ ಮೇಲೆ ನಡೆಸುತ್ತಿದ್ದರು. ಆದ್ದರಿಂದ ಇಂದು ನಲ್ಲಿಯಲ್ಲಿ ಬಂದ ವಿಷ ನಾಳೆ ಇಲ್ಲ, ನಾಡಿದ್ದು ಮತ್ತೆ ಉಂಟು. ಒಂದು ಮಾದರಿ ಶುದ್ಧವಾಗಿ ಬಂದರೆ ‘ಹಿಂದಿನದು ಪ್ರಯೋಗಾಲಯದ ತಪ್ಪಿರಬೇಕು’ ಎಂದು ಷರಾ ಬರೆಯುವುದು ಸುಲಭ.

ಪ್ರಮಾಣದ ಲೆಕ್ಕ ಹೀಗೆ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವಿದ್ದರೆ ಅದು ನೂರು ಕೋಟಿಯಲ್ಲಿ ಒಂದು ಪಾಲು. ಟ್ರೈಕ್ಲೋರೋಎಥಿಲೀನ್ ಇಂಥ ಐದು ಪಾಲಿಗಿಂತ ಹೆಚ್ಚಿರಬಾರದೆಂದು ಅಮೆರಿಕ ಸರ್ಕಾರ 1987ರಲ್ಲಿ ನಿಯಮ ಮಾಡಿತು. 1982ರಲ್ಲಿ ಹ್ಯಾಡ್ನಾಟ್ ಪಾಯಿಂಟ್ ಎಂಬ ಭಾಗದ ನೀರಿನಲ್ಲಿ ಸಿಕ್ಕಿದ್ದು 1,400 ಪಾಲು, ಅಂದರೆ ಇನ್ನೂರೆಂಬತ್ತು ಪಟ್ಟು. ಸೇನೆಯ ಸಮರ್ಥನೆ ಏನೆಂದರೆ, ಆಗ ನಿಯಮವೇ ಇರಲಿಲ್ಲ, ಇಲ್ಲದ ನಿಯಮವನ್ನು ಮುರಿಯುವುದು ಹೇಗೆ? ತರ್ಕಕ್ಕೆ ಇದು ಸರಿಯೇ. ಆದರೆ ದ್ರಾವಕಗಳನ್ನು ಅಪಾಯಕರವೆಂದು ಕರೆದು, ಕಂಡಕಂಡಲ್ಲಿ ಸುರಿದರೆ ಕುಡಿಯುವ ನೀರು ಕೆಡಬಹುದೆಂದು 1974ರಲ್ಲಿ ಆದೇಶ ಹೊರಡಿಸಿದ್ದು ಅದೇ ನೆಲೆ.

ಈಗ ಕಡತಗಳ ವಿಷಯಕ್ಕೆ ಬರುತ್ತೇನೆ. ಚಿತ್ರದ ಜೀವ ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಬೇರೆಯವರಿಗೆ ಮಗುವಿನ ಸಾವು ಮುಖ್ಯವಾಗಿ ಕಂಡೀತು. ಹೇಳಿ ಕೇಳಿ ನಾನೊಬ್ಬ ಗುಮಾಸ್ತ, ಇಪ್ಪತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಇತರರ ಅರ್ಜಿಗಳ ಮೇಲೆ ಟಿಪ್ಪಣಿ ಬರೆಯುತ್ತ ಬಂದವನು. ಎನ್ಸ್‌ಮಿಂಗರ್ ಮತ್ತು ಅವರ ಜೊತೆಗಾರರು ಮೇಜಿನ ತುಂಬ ಕಾಗದ ಹರಡಿಕೊಂಡು ದಿನಾಂಕಗಳನ್ನು ಹೊಂದಿಸುವುದನ್ನು ನೋಡುತ್ತಿದ್ದಾಗ ನನ್ನ ಮೈ ಬಿಸಿಯಾಯಿತು. ಆ ಕಾಗದಗಳಲ್ಲಿ ಅಪರಿಚಿತವಾದದ್ದು ನನಗೆ ಏನೂ ಇರಲಿಲ್ಲ.

1980ರಲ್ಲಿ ಕ್ಲೋರಿನ್‌ನಿಂದ ಹುಟ್ಟುವ ಬೇರೆ ಕೆಲವು ವಸ್ತುಗಳಿಗಾಗಿ ನೀರು ಪರೀಕ್ಷೆ ಮಾಡುತ್ತಿದ್ದಾಗ ಸೇನೆಯದೇ ಪ್ರಯೋಗಾಲಯಕ್ಕೆ ಬೇಡದ ಏನೋ ಅಡ್ಡ ಬಂತು. 1981ರಲ್ಲಿ ಅಲ್ಲಿಯ ರಸಾಯನಜ್ಞ, ನೀರಿನಲ್ಲಿ ದ್ರಾವಕಗಳು ಬಹಳವಾಗಿ ಬೆರೆತಿವೆಯೆಂದು ವರದಿಯ ಹಾಳೆಯ ಮೇಲೆ ಕೈಬರಹದಲ್ಲಿ ಬರೆದು ಆಶ್ಚರ್ಯಚಿಹ್ನೆ ಹಾಕಿದ. ಸರ್ಕಾರಿ ಕಾಗದದ ಮೇಲೆ ಆಶ್ಚರ್ಯಚಿಹ್ನೆ ಹಾಕಬೇಕಾದರೆ ಒಬ್ಬ ನೌಕರನಿಗೆ ಎಷ್ಟು ಗಾಬರಿಯಾಗಿರಬೇಕೆಂಬುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. 1982ರಲ್ಲಿ ಒಂದು ಖಾಸಗಿ ಪ್ರಯೋಗಾಲಯವೂ ಎಚ್ಚರಿಸಿತು. ಹೆಚ್ಚು ಕೆಟ್ಟ ಬಾವಿಗಳನ್ನು ಮುಚ್ಚಲು ಆರಂಭಿಸಿದ್ದು 1984ರ ನವೆಂಬರಿನಲ್ಲಿ. ಆ ನಡುವಿನ ಮೂರು ನಾಲ್ಕು ವರ್ಷ ಕಾಗದ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು, ನೀರು ನಲ್ಲಿಯಲ್ಲಿ ಹರಿಯುತ್ತಿತ್ತು.

1985ರ ಏಪ್ರಿಲಿನಲ್ಲಿ ನೆಲೆಯ ಮುಖ್ಯಸ್ಥರು ಟರಾವಾ ಟೆರೇಸ್‌ನ ನಿವಾಸಿಗಳಿಗೆ ಒಂದು ಸುತ್ತೋಲೆ ಕಳುಹಿಸಿದರು. ಎರಡು ಬಾವಿಗಳಲ್ಲಿ ಕೆಲವು ರಾಸಾಯನಿಕಗಳು ಅತ್ಯಲ್ಪ ಪ್ರಮಾಣದಲ್ಲಿ ಕಂಡುಬಂದದ್ದರಿಂದ ಅವನ್ನು ನಿಲ್ಲಿಸಲಾಗಿದೆ, ನೀರನ್ನು ಮಿತವಾಗಿ ಬಳಸಿರಿ ಎಂಬ ಧಾಟಿಯದು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಅಲ್ಲಿಯ ನೀರಿನಲ್ಲಿ ಪರ್‌ಕ್ಲೋರೋಎಥಿಲೀನ್ 215 ಪಾಲು ಸಿಕ್ಕಿತ್ತು. ನಂತರ ಬಂದ ಮಿತಿಯ ನಲವತ್ತಮೂರು ಪಟ್ಟು. ‘ಅತ್ಯಲ್ಪ’ ಎಂಬ ಪದವನ್ನು ಯಾರು ಬರೆದರೋ ನಾನರಿಯೆ. ಆದರೆ ಆ ಪದವನ್ನು ಬಲ್ಲೆ. ಕರಡು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ‘ಬಹಳ’ ಎಂಬುದು ‘ಸ್ವಲ್ಪಮಟ್ಟಿಗೆ’ ಆಗಿ, ‘ಸ್ವಲ್ಪ’ವು ‘ಅತ್ಯಲ್ಪ’ವಾಗುತ್ತದೆ. ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ.

ಇದಕ್ಕಿಂತ ಘೋರವಾದದ್ದು ಬೆಂಜೀನಿನ ಅಂಕಿ. 1984ರಲ್ಲಿ ಹ್ಯಾಡ್ನಾಟ್ ಪಾಯಿಂಟಿನ ಒಂದು ಬಾವಿಯಲ್ಲಿ ಬೆಂಜೀನ್ 380 ಪಾಲು ಇತ್ತು. 1992ರಲ್ಲಿ ಒಬ್ಬ ಗುತ್ತಿಗೆದಾರರ ವರದಿಯಲ್ಲಿ ಅದೇ ಬಾವಿಯ ಅದೇ ಅಂಕಿ 38 ಆಯಿತು. 1994ರ ಅಂತಿಮ ವರದಿಯಲ್ಲಿ ಬೆಂಜೀನೇ ಮಾಯ! ಒಂದು ಸೊನ್ನೆ ಬಿದ್ದುಹೋಗುವುದು ಏನೆಂದು ನನಗೆ ಗೊತ್ತು. ತುಟ್ಟಿಭತ್ಯೆಯ ಪಟ್ಟಿಯಲ್ಲಿ ಒಂದು ಸೊನ್ನೆ ಬಿಟ್ಟು ಹದಿನೈದು ದಿನ ಬೈಸಿಕೊಂಡವನು ನಾನು. ಆದರೆ ನನ್ನ ಸೊನ್ನೆಯನ್ನು ತಿಂಗಳ ಕೊನೆಯಲ್ಲಿ ಸಂಬಳ ಎಣಿಸಿದವನು ಹಿಡಿದ. ಈ ಸೊನ್ನೆಯನ್ನು ಹಿಡಿಯಬೇಕಾದವರು ಆ ನೀರು ಕುಡಿದು ದೇಶದ ಮೂಲೆಮೂಲೆಗೆ ವರ್ಗವಾಗಿ ಹೋಗಿದ್ದರು. ವಿಷವಸ್ತುಗಳ ಆರೋಗ್ಯ ಪರಿಣಾಮ ಅಳೆಯುವ ಅಲ್ಲಿಯ ಕೇಂದ್ರ ಸಂಸ್ಥೆ 1997ರಲ್ಲಿ ಒಂದು ವರದಿ ಕೊಟ್ಟು, ವಯಸ್ಕರಿಗೆ ಕ್ಯಾನ್ಸರಿನ ಭಯ ಅಷ್ಟಾಗಿ ಇಲ್ಲವೆಂದು ಹೇಳಿತು. ಬೆಂಜೀನ್ ಅದರಲ್ಲಿ ಸೇರಿರಲೇ ಇಲ್ಲ. ಸಂಸ್ಥೆ ಆ ವರದಿಯನ್ನು 2009ರಲ್ಲಿ ತಾನೇ ಹಿಂತೆಗೆದುಕೊಂಡಿತು. ನಡುವಿನ ಹನ್ನೆರಡು ವರ್ಷ ಪರಿಹಾರ ಕೇಳಿದವರಿಗೆಲ್ಲ ಎದುರು ಹಿಡಿಯಲು ಅದೊಂದು ಒಳ್ಳೆಯ ಕಾಗದವಾಗಿತ್ತು.

ಚಿತ್ರದ ಎರಡನೆಯ ಮುಖ್ಯ ವ್ಯಕ್ತಿ ಮೈಕ್ ಪಾರ್ಟೈನ್. 1968ರಲ್ಲಿ ಆ ನೆಲೆಯ ಆಸ್ಪತ್ರೆಯಲ್ಲಿ ಹುಟ್ಟಿದವರು. ಸೈನಿಕನ ಮಗ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 2007ರಲ್ಲಿ, ಅವರಿಗೆ ಸ್ತನ ಕ್ಯಾನ್ಸರ್ ಬಂತು. ಗಂಡಸರಿಗೆ ಇದು ಅಪರೂಪ, ಅದರಲ್ಲೂ ಆ ವಯಸ್ಸಿನಲ್ಲಿ. ಮನೆತನದಲ್ಲಿ ಯಾರಿಗೂ ಇರಲಿಲ್ಲ. ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಎನ್ಸ್‌ಮಿಂಗರ್ ಹೇಳಿಕೆ ಕೊಡುವುದನ್ನು ಟಿ.ವಿ.ಯಲ್ಲಿ ನೋಡಿ ತಂದೆ ಮಗನಿಗೆ ಫೋನ್ ಮಾಡಿದರು. ಆ ಬಳಿಕ ಪಾರ್ಟೈನ್ ಹುಡುಕುತ್ತ ಹೋಗಿ, ಆ ನೆಲೆಯ ಸಂಬಂಧವಿದ್ದು ಅದೇ ಕಾಯಿಲೆ ಬಂದ ಗಂಡಸರನ್ನು ಒಬ್ಬೊಬ್ಬರನ್ನಾಗಿ ಪತ್ತೆಮಾಡಿದರು. ವರ್ಷಗಳು ಕಳೆದಂತೆ ಆ ಸಂಖ್ಯೆ ಎಂಬತ್ತನ್ನು ದಾಟಿತು. ಅಂಗಿ ಬಿಚ್ಚಿ ಶಸ್ತ್ರಕ್ರಿಯೆಯ ಗಾಯದ ಗುರುತು ತೋರಿಸಲು ಗಂಡಸರಿಗೆ ಎಷ್ಟು ಸಂಕೋಚವೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ನಮ್ಮ ಸಭಾಗೃಹದಲ್ಲಿ ಆ ಹೊತ್ತಿಗೆ ಕೆಮ್ಮುವ ಶಬ್ದ ಕೂಡ ನಿಂತಿತ್ತು.

ಎನ್ಸ್‌ಮಿಂಗರ್ ಅತ್ತು ಕರೆಯುವವರಲ್ಲ, ಸಿಟ್ಟಿನ ಮನುಷ್ಯ. ಒಂದು ಸಭೆಯಿಂದ ಇನ್ನೊಂದಕ್ಕೆ, ವಾಷಿಂಗ್ಟನ್ನಿಗೆ, ಮತ್ತೆ ಹಿಂದಕ್ಕೆ ಓಡಾಡುತ್ತಲೇ ಇರುತ್ತಾರೆ. ನಿರ್ದೇಶಕರು ಅವರನ್ನು ಹಿಂಬಾಲಿಸಿದ್ದು ಒಂದೆರಡು ವಾರವಲ್ಲ, ವರ್ಷಗಟ್ಟಲೆ. ಆ ತಾಳ್ಮೆ ಚಿತ್ರದಲ್ಲಿ ಕಾಣುತ್ತದೆ. ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಾಯುವಾಗಿನ ಬೇಸರ, ಯಾರೋ ಅಧಿಕಾರಿ ಉತ್ತರಿಸಿದಂತೆ ಮಾಡಿ ಉತ್ತರಿಸದೆ ಎದ್ದುಹೋಗುವುದು, ಇವೆಲ್ಲ ಚೆನ್ನಾಗಿ ಸಿಕ್ಕಿವೆ.

ಇನ್ನು ನನ್ನ ಎರಡನೆಯ ತಕರಾರು. ಇದು ರಸಾಯನಶಾಸ್ತ್ರದ್ದಕ್ಕಿಂತ ದೊಡ್ಡದು. ಕಥೆಗೆ ನಾಯಕನಿದ್ದ ಮೇಲೆ ಖಳನಾಯಕ ಬೇಕಲ್ಲವೆ? ಚಿತ್ರದಲ್ಲಿ ಆ ಸ್ಥಾನ ಸಮವಸ್ತ್ರದ ಹಿರಿಯ ಅಧಿಕಾರಿಗಳಿಗೆ ಹೋಗಿದೆ. ಅವರು ಬಾಯಿ ಬಿಟ್ಟಾಗಲೆಲ್ಲ ಪ್ರೇಕ್ಷಕನಿಗೆ ಸಿಟ್ಟು ಬರುವಂತೆ ದೃಶ್ಯಗಳನ್ನು ಜೋಡಿಸಿದ್ದಾರೆ, ನನಗೂ ಬಂತು. ಆದರೆ ಮನೆಗೆ ಹೋಗುತ್ತ ಬಸ್ಸಿನಲ್ಲಿ ಯೋಚಿಸಿದಾಗ ನನಗೆ ಕಾಣಿಸಿದ್ದು ಆ ಅಧಿಕಾರಿಗಳ ಮುಖವಲ್ಲ. ಆಶ್ಚರ್ಯಚಿಹ್ನೆಯ ಆ ವರದಿಯನ್ನು ಸ್ವೀಕರಿಸಿ, ಆವಕ ಪುಸ್ತಕದಲ್ಲಿ ಸಂಖ್ಯೆ ಬರೆದು, ಕಡತಕ್ಕೆ ಸೇರಿಸಿ, ದಾರ ಕಟ್ಟಿದವನು ಯಾರು? 380ನ್ನು 38 ಎಂದು ನಕಲು ಮಾಡಿದವನು ಯಾರು? ಅವನು ದುಷ್ಟನಿರಲಾರ. ಐದು ಗಂಟೆಗೆ ಮನೆಗೆ ಹೋಗಬೇಕಾದವನು. ಬಹುಶಃ ಅವನ ಮಕ್ಕಳೂ ಅದೇ ನೀರನ್ನು ಕುಡಿಯುತ್ತಿದ್ದಿರಬಹುದು. ಚಿತ್ರ ಅವನನ್ನು ಹುಡುಕಲಿಲ್ಲ, ಹುಡುಕಬೇಕೆಂದು ನಿರ್ದೇಶಕರಿಗೆ ಅನ್ನಿಸಿದಂತೆಯೂ ಕಾಣಲಿಲ್ಲ. ಸಿಟ್ಟನ್ನು ಯಾರೋ ನಾಲ್ಕು ಜನರಲ್‌ಗಳ ಮೇಲೆ ಹೊರಿಸಿಬಿಟ್ಟರೆ ನನ್ನಂಥವರು ಆರಾಮವಾಗಿ ಎದ್ದು ಮನೆಗೆ ಹೋಗಬಹುದು. ಅಷ್ಟು ಆರಾಮ ಕೊಡಬಾರದಿತ್ತು.

ಹಿನ್ನೆಲೆ ಸಂಗೀತವೂ ಕೆಲವೆಡೆ ಹೆಚ್ಚಾಯಿತು. ಮಗಳ ಮಾತು ಹೇಳುತ್ತಿರುವ ತಂದೆಯ ದನಿಗೆ ಪಿಟೀಲಿನ ಸಹಾಯ ಬೇಕಿಲ್ಲ.

ಚಿತ್ರ ಮುಗಿಯುವಾಗ ಕಾನೂನು ಇನ್ನೂ ಆಗಿರಲಿಲ್ಲ. ನಂತರದ ಕಥೆಯನ್ನು ಹೇಳದಿದ್ದರೆ ಚಿತ್ರ ನೋಡಿದವರು ಅರ್ಧ ತಿಳಿದಂತಾಗುತ್ತದೆ. 2012ರ ಆಗಸ್ಟಿನಲ್ಲಿ ಅಧ್ಯಕ್ಷ ಒಬಾಮಾ ಒಂದು ಮಸೂದೆಗೆ ಸಹಿ ಹಾಕಿದರು. ನೆಲೆಯಲ್ಲಿ ಕನಿಷ್ಠ ಮೂವತ್ತು ದಿನ ಇದ್ದ ಸೈನಿಕರಿಗೂ ಕುಟುಂಬದವರಿಗೂ ಹದಿನೈದು ಬಗೆಯ ಕಾಯಿಲೆ, ತೊಂದರೆಗಳಿಗೆ ಚಿಕಿತ್ಸೆಯ ನೆರವು ಸಿಕ್ಕಿತು. ಅದನ್ನು ಜೇನಿಯ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಅದು ಚಿಕಿತ್ಸೆ ಮಾತ್ರ, ಪರಿಹಾರವಲ್ಲ. 2017ರಿಂದ ಎಂಟು ರೋಗಗಳಿಗೆ, ನೀರಿನಿಂದಲೇ ಬಂದದ್ದೆಂದು ಭಾವಿಸಿ, ಮಾಜಿ ಸೈನಿಕರಿಗೆ ಅಂಗವೈಕಲ್ಯ ಭತ್ಯೆ ಕೊಡುವ ನಿಯಮ ಬಂತು. ಹೆಂಡತಿ ಮಕ್ಕಳಿಗೆ ಅದೂ ಇಲ್ಲ.

ಹಾಗಾದರೆ ನ್ಯಾಯಾಲಯಕ್ಕೆ ಹೋಗಬಹುದಲ್ಲ ಎಂದು ಕೇಳುತ್ತೀರಿ. ಹೋದರು. ಸೇವೆಗೆ ಸಂಬಂಧಪಟ್ಟ ಹಾನಿಗಾಗಿ ಸೈನಿಕ ತನ್ನ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 1950ರಲ್ಲೇ ಫೆರೆಸ್ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತ್ತು. ಕುಟುಂಬದವರಿಗೆ ಇನ್ನೊಂದು ಬೀಗ. ನಾರ್ತ್ ಕೆರೊಲಿನಾದ ಕಾಯಿದೆಯ ಪ್ರಕಾರ, ಹಾನಿ ಮಾಡಿದ ಕೊನೆಯ ಕೃತ್ಯ ನಡೆದು ಹತ್ತು ವರ್ಷ ಕಳೆದರೆ ದಾವೆಯ ಹಕ್ಕೇ ಇಲ್ಲ. ಹಾನಿ ಗೊತ್ತಾದದ್ದು ಯಾವಾಗ ಎಂಬುದು ಲೆಕ್ಕಕ್ಕಿಲ್ಲ. ಕ್ಯಾನ್ಸರ್ ಬೆಳೆಯಲು ಇಪ್ಪತ್ತು ಮೂವತ್ತು ವರ್ಷ ಬೇಕು. ಬಾವಿ ಮುಚ್ಚಿದ್ದು 1985ರಲ್ಲಿ ಎಂದಿಟ್ಟುಕೊಂಡರೆ 1995ಕ್ಕೆ ಹಕ್ಕು ಸತ್ತಿತು, ಎನ್ಸ್‌ಮಿಂಗರ್ ಟಿ.ವಿ. ನೋಡಿದ್ದು 1997ರಲ್ಲಿ! 2016ರಲ್ಲಿ ಮೊಕದ್ದಮೆಗಳು ವಜಾ ಆದುವು. 2019ರಲ್ಲಿ ನೌಕಾ ಇಲಾಖೆ ತನ್ನ ಮುಂದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಅರ್ಜಿಗಳನ್ನು ಒಟ್ಟಿಗೆ ತಿರಸ್ಕರಿಸಿತು.

ಆ ಬೀಗ ತೆಗೆಯಲು 2022ರಲ್ಲಿ ಬೇರೆ ಕಾನೂನೇ ಬೇಕಾಯಿತು. 1953ರ ಆಗಸ್ಟಿನಿಂದ 1987ರ ಡಿಸೆಂಬರಿನ ತನಕ ಮೂವತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಅಲ್ಲಿದ್ದವರು, ಗರ್ಭದಲ್ಲಿದ್ದವರೂ ಸೇರಿ, ದಾವೆ ಹೂಡಬಹುದು. ಅದರಲ್ಲಿ ಒಂದು ವಾಕ್ಯವನ್ನು ನಾನು ಮೂರು ಸಲ ಓದಿದೆ. ನೀರಿನಿಂದ ರೋಗ ಬಂದಿರುವ ಸಂಭವ, ಬಂದಿರದಿರುವ ಸಂಭವದಷ್ಟೇ ಇದೆಯೆಂದು ತೋರಿಸಿದರೆ ಸಾಕು. ತಕ್ಕಡಿ ಸಮವಾಗಿ ನಿಂತರೆ ರೋಗಿಯ ಕಡೆಗೆ. ನಾನು ಓದಿದ ನಿಯಮಾವಳಿಗಳಲ್ಲಿ ಇಷ್ಟು ಸಭ್ಯವಾದ ವಾಕ್ಯ ಹೆಚ್ಚು ಸಿಕ್ಕಿಲ್ಲ.

ವಾಕ್ಯ ಸಭ್ಯವಾಗಿದೆ, ಪಾವತಿ ಹಾಗಿಲ್ಲ. ಅರ್ಜಿಗೆ ಎರಡು ವರ್ಷದ ಗಡುವು. 2024ರ ಆಗಸ್ಟ್ 10ಕ್ಕೆ ಮುಗಿಯಿತು. ಅಷ್ಟರಲ್ಲಿ ಬಂದ ಅರ್ಜಿಗಳು ಲಕ್ಷಗಟ್ಟಲೆ. ವಕೀಲರ ಜಾಹೀರಾತುಗಳು ಅಮೆರಿಕದ ಟಿ.ವಿ.ಯಲ್ಲಿ ಸಾಬೂನಿನ ಜಾಹೀರಾತಿನಂತೆ ಓಡಿದುವು. 2023ರ ಸೆಪ್ಟೆಂಬರಿನಲ್ಲಿ ಸರ್ಕಾರ, ಕೆಲವು ರೋಗಗಳಿಗೆ ಒಂದು ಲಕ್ಷ ಡಾಲರಿನಿಂದ ಐದೂವರೆ ಲಕ್ಷದವರೆಗೆ ಒಮ್ಮೆಲೇ ತೆಗೆದುಕೊಂಡು ಹೋಗಿರೆಂದು ಒಂದು ಪಟ್ಟಿ ಹೊರಡಿಸಿತು. ಎಷ್ಟು ದಿನ ನೀರು ಕುಡಿದಿರಿ ಎಂಬುದರ ಮೇಲೆ ದರ! ಗಡುವು ಮುಗಿದ ದಿನಕ್ಕೆ ಹಣ ಕೈಸೇರಿದವರು ಆ ರಾಶಿಯಲ್ಲಿ ತೀರ ಸಣ್ಣ ಪಾಲು. 2024ರಲ್ಲಿ ಅಲ್ಲಿಯ ನ್ಯಾಯಾಧೀಶರು, ಈ ದಾವೆಗಳಿಗೆ ಜ್ಯೂರಿಯ ವಿಚಾರಣೆ ಇಲ್ಲವೆಂದೂ ತೀರ್ಮಾನಿಸಿದರು.

ವಿಜ್ಞಾನ ಮಾತ್ರ ತನ್ನ ನಿಧಾನದಲ್ಲಿ ನಡೆದುಬಂತು. ಕ್ಯಾಲಿಫೋರ್ನಿಯಾದಲ್ಲಿ ಪೆಂಡಲ್‌ಟನ್ ಎಂಬ ಇನ್ನೊಂದು ಮರೀನ್ ನೆಲೆಯಿದೆ. ಅದೇ ಬಗೆಯ ಹುಡುಗರು, ಅದೇ ಕವಾಯತು, ನೀರು ಮಾತ್ರ ಬೇರೆ. ಎರಡನ್ನೂ ಹೋಲಿಸಿದರೆ ನೀರಿನ ಪಾಲು ಎಷ್ಟೆಂದು ಗೊತ್ತಾಗುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಲೆಜೂನಿನಲ್ಲಿದ್ದವರಿಗೆ ಪಾರ್ಕಿನ್ಸನ್ಸ್ ಕಾಯಿಲೆಯ ಸಂಭವ ಪೆಂಡಲ್‌ಟನ್ನಿನವರಿಗಿಂತ ನೂರಕ್ಕೆ ಎಪ್ಪತ್ತರಷ್ಟು ಹೆಚ್ಚು. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ಯಾವ ವಿಜ್ಞಾನಿಯೂ ಬೇಕೆಂದು ಮಾಡಲಾರ.

ಚಿತ್ರದ ನಂತರ ಚಹಾ ಇತ್ತು. ನಮ್ಮಲ್ಲಿ ಸೇನೆಯಿಂದ ನಿವೃತ್ತರಾದವರು ಹಲವರಿದ್ದಾರೆ. ಬೆಳಗಾವಿ ಕಡೆಯ ಒಬ್ಬ ಸುಬೇದಾರರು ಚಹಾದ ಕಪ್ಪು ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಾನು ಕಚೇರಿಯವನೆಂದು ಅವರಿಗೆ ಗೊತ್ತು.

“ಅಲ್ರೀ ಸಾಹೇಬ್ರ, ನೀರು ಕೊಟ್ಟಾವ್ರೂ ಅವ್ರ, ಕಾಗದ ಇಟ್ಕೊಂಡಾವ್ರೂ ಅವ್ರ. ಪುರಾವೆ ಮಾತ್ರ ನಾವು ತರಬೇಕೇನ್ರಿ?”

ನಾನು ತಟ್ಟನೆ ಉತ್ತರ ಹೇಳಲಿಲ್ಲ. ಅವರು ಅಮೆರಿಕದ ಮಾತು ಆಡುತ್ತಿದ್ದಾರೋ ನಮ್ಮದನ್ನೋ ಎಂದು ತಿಳಿಯಲಿಲ್ಲ. ನಮ್ಮ ಸೇನೆಯಲ್ಲೂ ಅಂಗವೈಕಲ್ಯ ಪಿಂಚಣಿ ಕೇಳಿದವನ ಕಾಯಿಲೆ ‘ಸೇವೆಯಿಂದ ಉಂಟಾದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು’ ಎಂದು ವೈದ್ಯಮಂಡಲಿ ಬರೆಯಬೇಕು. ಈ ಒಂದು ಸಾಲಿಗಾಗಿ ಎಷ್ಟು ಜನ ಎಷ್ಟು ವರ್ಷ ಅಲೆದಿದ್ದಾರೆಂಬುದು ಸುಬೇದಾರರಿಗೆ ನನಗಿಂತ ಚೆನ್ನಾಗಿ ಗೊತ್ತು. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟು ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ, ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಹೇಳಿತು. ಅದನ್ನು ಅವರಿಗೆ ಹೇಳಿದೆ.

“ಅದನ್ನ ಒಂದ್ ಕಾಗದದ ಮ್ಯಾಲ ಬರದು ಕೊಡ್ರಿ,” ಎಂದರು. ಬರೆದು ಕೊಟ್ಟೆ.

ಚಿತ್ರ ಎಪ್ಪತ್ತಾರು ನಿಮಿಷದ್ದು. ಮಾತೆಲ್ಲ ಇಂಗ್ಲಿಷು, ಉಚ್ಚಾರ ನಮ್ಮ ಕಿವಿಗೆ ಸ್ವಲ್ಪ ಕಷ್ಟ. ಅಡಿಬರಹ ಹಾಕಿಕೊಂಡು ನೋಡುವುದು ಒಳ್ಳೆಯದು. ಚಿಕ್ಕ ಮಕ್ಕಳನ್ನು ಕರೆತರುವುದು ಬೇಡ. ಹತ್ತು ಜನ ಕೇಳಿದರೆ ಇನ್ನೊಮ್ಮೆ ತೋರಿಸೋಣವೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಸುಬೇದಾರರೂ ನಾನೂ ಸೇರಿ ಈಗಾಗಲೇ ಇಬ್ಬರಾದೆವು.